ಕೀ ಒತ್ತಿದ ಮೇಲೆ ಬಂದದ್ದೇನು, ಮೊದಲು ಅದನ್ನು ನೋಡು

ಮಗಳೇ,

ನೀನು ಹೇಳಿದ ತೊಂದರೆಗಳು ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವು. ಕಚೇರಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಗಿಟ್ ಬ್ಯಾಷ್ ತೆರೆದು ಪೈಥಾನ್ ಅಂತ ಟೈಪ್ ಮಾಡಿದರೆ ಅದು ಪ್ರಾಂಪ್ಟನ್ನೂ ಕೊಡದೆ ಸುಮ್ಮನೆ ಕೂತುಬಿಡುತ್ತದೆ. ಅಲ್ಲಿಂದಲೇ ದೂರದ ಸರ್ವರ್‌ಗೆ ಲಾಗಿನ್ ಆದಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಯುವ ಬದಲು ^ಎಚ್ ಎಂದು ಮೂಡುತ್ತದೆ. ಕನ್ನಡದ ಹೆಸರೊಂದನ್ನು ತಿದ್ದಲು ಹೋದರೆ ಸಾಲೇ ಕಲಸಿಹೋಗುತ್ತದೆ. ಒಂದೊಂದಕ್ಕೂ ಎಲ್ಲಿಂದಲೋ ಸಿಕ್ಕ ಎರಡೆರಡು ಸಾಲನ್ನು ಬ್ಯಾಷ್‌ಆರ್‌ಸಿ ಫೈಲಿಗೆ ಸೇರಿಸುತ್ತ ಬಂದಿದ್ದೀಯ. ಒಂದು ಸರಿಹೋದರೆ ಇನ್ನೊಂದು ಕೆಡುತ್ತಿದೆ.

ಆ ಸಾಲುಗಳನ್ನೆಲ್ಲ ಮೊದಲು ತೆಗೆದು ಪಕ್ಕಕ್ಕಿಡಮ್ಮ. ಅವು ಕೆಟ್ಟವು ಅಂತಲ್ಲ. ಬೇರೆ ಯಾರದೋ ಯಂತ್ರದಲ್ಲಿ, ಬೇರೆ ಯಾವುದೋ ಪದರದಲ್ಲಿ ಆದ ತಪ್ಪಿಗೆ ಅವರು ಕಂಡುಕೊಂಡ ದಾರಿ ಅದು. ನಿನ್ನ ಬೆರಳಿನಿಂದ ಹೊರಟ ಕೀ ಪ್ರೋಗ್ರಾಮಿಗೆ ಮುಟ್ಟುವ ಮೊದಲು ನಾಲ್ಕಾರು ಕೈ ದಾಟುತ್ತದೆ. ಯಾವ ಕೈಯಲ್ಲಿ ಅದು ಬದಲಾಯಿತು ಎಂದು ನೋಡದೆ ಸೆಟ್ಟಿಂಗ್ ಮುಟ್ಟಿದರೆ ತಪ್ಪು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಇನ್ನೊಂದು ತಪ್ಪು ಕೂರುತ್ತದೆ. ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಉಳಿದದ್ದೆಲ್ಲ ಅದನ್ನು ಹೇಗೆ ನೋಡುವುದು ಎಂಬುದರ ವಿವರ.

ತೊಂದರೆಯ ಬೇರು ಎಲ್ಲಿದೆ ಅಂದರೆ, ಕೀ ಒತ್ತುವುದು ಅಂದರೇನು ಎಂಬುದರ ಬಗ್ಗೆಯೇ ಯೂನಿಕ್ಸ್ ಮತ್ತು ವಿಂಡೋಸ್ ಒಂದು ಮನಸ್ಸಿನವಲ್ಲ. ಯೂನಿಕ್ಸ್ ಬೆಳೆದದ್ದು ಟೆಲಿಟೈಪ್ ಯಂತ್ರಗಳ ಜೊತೆಗೆ. ತಂತಿಯ ಆ ತುದಿಯಿಂದ ಬರುವುದು ಬೈಟುಗಳ ಸಾಲು, ಬೇರೇನೂ ಇಲ್ಲ. ಡಿಇಸಿ ಕಂಪನಿ 1978ರಲ್ಲಿ ತಂದ ವಿಟಿ100 ಟರ್ಮಿನಲ್, ಮೇಲ್ಬಾಣದ ಕೀ ಒತ್ತಿದರೆ ಮೂರು ಬೈಟು ಕಳಿಸುತ್ತಿತ್ತು: ಎಸ್ಕೇಪ್, ಚೌಕ ಆವರಣ, ಎ. ಇವತ್ತು ನೀನು ಬಳಸುವ ಟರ್ಮಿನಲ್ ಕಿಟಕಿಯೂ ಅದನ್ನೇ ಕಳಿಸುತ್ತದೆ. ವಿಂಡೋಸ್ ಕನ್ಸೋಲಿನಲ್ಲಿ ಹಾಗಲ್ಲ. ಅಲ್ಲಿ ಕೀ ಒತ್ತಿದ್ದು ಒಂದು ಘಟನೆ, ಬಿಟ್ಟದ್ದು ಇನ್ನೊಂದು ಘಟನೆ. ಪ್ರತಿ ಘಟನೆಗೂ ಒಂದು ದಾಖಲೆ; ಯಾವ ಕೀ, ಅದರಿಂದ ಯಾವ ಅಕ್ಷರ, ಆಗ ಶಿಫ್ಟ್, ಕಂಟ್ರೋಲ್, ಆಲ್ಟ್ ಹಿಡಿದಿತ್ತೇ, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಇವೆರಡರ ನಡುವೆ ನಿಂತ ಹೊಂದಾಣಿಕೆ ಪದರ ದುಭಾಷಿಯ ಕೆಲಸ ಮಾಡಬೇಕು. ಒಂದು ಭಾಷೆಯಲ್ಲಿ ಇರುವ ಮಾತು ಇನ್ನೊಂದರಲ್ಲಿ ಇಲ್ಲವೇ ಇಲ್ಲದಿದ್ದಾಗ ದುಭಾಷಿ ಏನನ್ನೋ ಬಿಡಬೇಕಾಗುತ್ತದೆ, ಏನನ್ನೋ ಊಹಿಸಬೇಕಾಗುತ್ತದೆ. ಬೈಟುಗಳ ಲೋಕದಲ್ಲಿ ಕಂಟ್ರೋಲ್-ಐ ಮತ್ತು ಟ್ಯಾಬ್ ಎರಡೂ 9. ಕಂಟ್ರೋಲ್-ಎಂ ಮತ್ತು ಎಂಟರ್ ಎರಡೂ 13. ಕಂಟ್ರೋಲ್ ಹಿಡಿದು ಚೌಕ ಆವರಣ ತೆರೆದರೂ, ಎಸ್ಕೇಪ್ ಒತ್ತಿದರೂ 27. ಎಡಿಟರ್‌ನಲ್ಲಿ ಕಂಟ್ರೋಲ್-ಐಗೆ ಬೇರೆ ಕೆಲಸ ಹಚ್ಚಲು ಹೋಗಿ ಟ್ಯಾಬ್ ಕೆಟ್ಟಿತು ಅಂತ ಯಾರಾದರೂ ಅಂದರೆ ಅದಕ್ಕೆ ಕಾರಣ ಇದೇ.

ಈಗ ನೀನು ಯಾವ ಪದರದ ಮೇಲೆ ಕೂತಿದ್ದೀಯ ಎಂಬುದು ಗೊತ್ತಿರಬೇಕು. ಸಿಗ್ವಿನ್ 1995ರಲ್ಲಿ ಸಿಗ್ನಸ್ ಕಂಪನಿಯಲ್ಲಿ ಶುರುವಾದದ್ದು. ಅದರಲ್ಲಿ ಲಿನಕ್ಸ್ ಕರ್ನಲ್ ಇಲ್ಲ; ಒಂದು ಡಿಎಲ್ಎಲ್ ಫೈಲು ಪ್ರೋಗ್ರಾಮುಗಳಿಗೆ ಯೂನಿಕ್ಸ್‌ನ ಮುಖ ತೋರಿಸುತ್ತದೆ. ಎಂಸಿಸ್2 ಸಿಗ್ವಿನ್‌ನಿಂದ ಕವಲೊಡೆದದ್ದು, ನಿನ್ನ ಗಿಟ್ ಬ್ಯಾಷ್ ಎಂಸಿಸ್2ರ ಮೇಲೆ ನಿಂತಿದೆ. ವಿಂಡೋಸ್ ಒಳಗೆ ಲಿನಕ್ಸ್ ಪ್ರೋಗ್ರಾಮುಗಳನ್ನು ಓಡಿಸುವ ಡಬ್ಲ್ಯುಎಸ್ಎಲ್ 2016ರಲ್ಲಿ ವಿಂಡೋಸ್ 10ಕ್ಕೆ ಸೇರಿತು. ಅದರ ಮೊದಲ ರೂಪ ಲಿನಕ್ಸ್‌ನ ಸಿಸ್ಟಂ ಕರೆಗಳನ್ನು ವಿಂಡೋಸ್ ಕರ್ನಲ್‌ನಲ್ಲೇ ಅನುವಾದಿಸುತ್ತಿತ್ತು. 2020ರಲ್ಲಿ ಎಲ್ಲರಿಗೂ ಸಿಕ್ಕ ಎರಡನೆಯ ರೂಪದಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ ಒಂದು ವರ್ಚುಯಲ್ ಯಂತ್ರದೊಳಗೆ ಓಡುತ್ತದೆ. ಸಿಗ್ವಿನ್ ಕುಟುಂಬ, ಡಬ್ಲ್ಯುಎಸ್ಎಲ್‌ನ ಎರಡು ರೂಪಗಳು, ಈ ಮೂರೂ ಒಂದೇ ಥರದ ಕಪ್ಪು ಕಿಟಕಿ ತೋರಿಸುತ್ತವೆ, ಒಳಗಿನ ವ್ಯವಸ್ಥೆ ಮಾತ್ರ ಪೂರ್ತಿ ಬೇರೆ. ಗುರುತಿಸಲು ಟಿಟಿವೈ ಎಂಬ ಪುಟ್ಟ ಕಮ್ಯಾಂಡು ಸಾಕು. ಸಿಗ್ವಿನ್ ಕುಟುಂಬದಲ್ಲಿ ಮಿನ್‌ಟಿಟಿವೈ ಎಂಬ ಟರ್ಮಿನಲ್ ಕಿಟಕಿಯೊಳಗಿದ್ದರೆ ಉತ್ತರದಲ್ಲಿ ಪಿಟಿವೈ0 ಎಂಬಂಥ ಹೆಸರು ಬರುತ್ತದೆ. ಅದೇ ಬ್ಯಾಷನ್ನು ವಿಂಡೋಸ್ ಟರ್ಮಿನಲ್‌ನಲ್ಲಿ ತೆರೆದರೆ ಕಾನ್ಸ್0 ಅನ್ನುತ್ತದೆ. ಡಬ್ಲ್ಯುಎಸ್ಎಲ್‌ನ ಎರಡನೆಯ ರೂಪದಲ್ಲಿ ಯಾವುದೇ ಲಿನಕ್ಸ್‌ನಂತೆ ಪಿಟಿಎಸ್/0. ಯಾರಿಗಾದರೂ ನಿನ್ನ ತೊಂದರೆ ಹೇಳುವಾಗ ಈ ಒಂದು ಸಾಲನ್ನು ಮೊದಲು ಹೇಳು, ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ಪೈಥಾನ್ ಸುಮ್ಮನೆ ಕೂರುವುದಕ್ಕೆ ಬರೋಣ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರೆ ಸಿಗ್ವಿನ್ ಲೋಕದ ಬಹುಪಾಲು ಒಗಟುಗಳು ಬಿಡಿಸಿಕೊಳ್ಳುತ್ತವೆ. ಮಿನ್‌ಟಿಟಿವೈಯೊಳಗಿನ ಆ ಪಿಟಿವೈ ಎಂಬ ಸಾಧನ ಇದೆಯಲ್ಲ, ಅದನ್ನು ಸಿಗ್ವಿನ್ ಕಟ್ಟಿರುವುದು ವಿಂಡೋಸ್‌ನ ಪೈಪುಗಳಿಂದ. ಸಿಗ್ವಿನ್‌ನದೇ ಪ್ರೋಗ್ರಾಮುಗಳಿಗೆ ಅದು ಟರ್ಮಿನಲ್ ಎಂದು ಗೊತ್ತು, ಏಕೆಂದರೆ ಅವೆಲ್ಲ ಅದೇ ಡಿಎಲ್ಎಲ್ ಮೂಲಕ ಮಾತಾಡುತ್ತವೆ. ನೀನು ಹಾಕಿಕೊಂಡ ಪೈಥಾನ್ ಶುದ್ಧ ವಿಂಡೋಸ್ ಪ್ರೋಗ್ರಾಮು. ಅದು ನೇರವಾಗಿ ವಿಂಡೋಸ್ ಅನ್ನು ಕೇಳುತ್ತದೆ: ನನ್ನ ಇನ್‌ಪುಟ್ ಕನ್ಸೋಲೇ? ಅಲ್ಲ, ಪೈಪು, ಎಂಬ ಉತ್ತರ ಬರುತ್ತದೆ. ಪೈಪಿನಿಂದ ಇನ್‌ಪುಟ್ ಬರುತ್ತಿದೆ ಅಂದರೆ ಎದುರಿಗೆ ಮನುಷ್ಯ ಇಲ್ಲ ಎಂದು ಪೈಥಾನ್ ತಿಳಿಯುತ್ತದೆ, ಪ್ರಾಂಪ್ಟ್ ತೋರಿಸದೆ ಪೂರ್ತಿ ಸ್ಕ್ರಿಪ್ಟ್ ಬರಲಿ ಎಂದು ಕಾಯುತ್ತದೆ. ನೀನು ಎಷ್ಟು ಸಾಲು ಟೈಪ್ ಮಾಡಿದರೂ ಇನ್‌ಪುಟ್ ಮುಗಿಯುವವರೆಗೆ ಒಂದೂ ಓಡುವುದಿಲ್ಲ. ಅದು ಕೆಟ್ಟಿಲ್ಲ, ತಾನು ತಿಳಿದುಕೊಂಡದ್ದಕ್ಕೆ ಸರಿಯಾಗಿಯೇ ನಡೆದುಕೊಳ್ಳುತ್ತಿದೆ. ಬೇರೆ ಕೆಲವು ಪ್ರೋಗ್ರಾಮುಗಳ ಔಟ್‌ಪುಟ್ ತಡವಾಗಿ ಗುಡ್ಡೆಯಾಗಿ ಬಂದು ಬೀಳುವುದಕ್ಕೂ ಇದೇ ಕಾರಣ: ಎದುರಿಗಿರುವುದು ಪೈಪು ಅಂದುಕೊಂಡಾಗ ಅವು ಬಫರ್ ತುಂಬುವವರೆಗೆ ಏನನ್ನೂ ಹೊರಗೆ ಬಿಡುವುದಿಲ್ಲ. ಪಾಸ್‌ವರ್ಡ್ ಕೇಳುವ ಪ್ರೋಗ್ರಾಮಿನ ವಿಷಯದಲ್ಲಿ ಇದು ಅಪಾಯಕಾರಿಯೂ ಹೌದು. ಎಕೋ ನಿಲ್ಲಿಸಲು ಅದಕ್ಕೆ ಕನ್ಸೋಲ್ ಸಿಗದೆ ನಿನ್ನ ಪಾಸ್‌ವರ್ಡ್ ಪರದೆಯ ಮೇಲೆ ಹಾಗೇ ಕಾಣಿಸಬಹುದು. ಪಕ್ಕದಲ್ಲಿ ಜನರಿದ್ದಾಗ, ಪರದೆ ಹಂಚಿಕೊಂಡಿರುವಾಗ ಇದನ್ನು ನೆನಪಿಟ್ಟುಕೋ.

ಇದಕ್ಕೆ ಹಳೆಯ ಪರಿಹಾರ ರಯಾನ್ ಪ್ರಿಚರ್ಡ್ ಬರೆದ ವಿನ್‌ಪಿಟಿವೈ. ಅದು ಕಣ್ಣಿಗೆ ಕಾಣದಂತೆ ಒಂದು ನಿಜವಾದ ಕನ್ಸೋಲ್ ತೆರೆದು, ಪ್ರೋಗ್ರಾಮನ್ನು ಅದರಲ್ಲಿ ಓಡಿಸಿ, ಎರಡೂ ಕಡೆಯ ಮಾತನ್ನು ದಾಟಿಸುತ್ತದೆ. ಕಮ್ಯಾಂಡಿನ ಮುಂದೆ ವಿನ್‌ಪಿಟಿವೈ ಎಂದು ಸೇರಿಸಿದರೆ ಸಾಕು. ಹಲವರು ಇದನ್ನು ಪೈಥಾನ್‌ಗೆ, ನೋಡ್‌ಗೆ, ಕಂಡದ್ದಕ್ಕೆಲ್ಲ ಅಲಿಯಾಸ್ ಮಾಡಿಟ್ಟುಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ. ಔಟ್‌ಪುಟ್ಟನ್ನು ಇನ್ನೊಂದು ಕಮ್ಯಾಂಡಿಗೆ ಪೈಪ್ ಮಾಡಿದ ದಿನ, ಇದು ಟಿಟಿವೈ ಅಲ್ಲ ಎಂದು ವಿನ್‌ಪಿಟಿವೈ ನಿಂತುಬಿಡುತ್ತದೆ, ಆಗ ಅಲಿಯಾಸ್ ಇರುವುದು ನಿನಗೆ ಮರೆತಿರುತ್ತದೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಕಾನ್‌ಪಿಟಿವೈ ಎಂಬ ಸೌಲಭ್ಯ ಕೊಟ್ಟಿತು. ಕನ್ಸೋಲ್ ಪ್ರೋಗ್ರಾಮನ್ನು ಹೊರಗಿನ ಯಾವ ಟರ್ಮಿನಲ್ ಕಿಟಕಿ ಬೇಕಾದರೂ ನಡೆಸಬಹುದಾದ ಅಧಿಕೃತ ದಾರಿ ಅದು. ಸಿಗ್ವಿನ್ ತನ್ನ 3.1 ಆವೃತ್ತಿಯಿಂದ ಅದನ್ನು ಬಳಸಿಕೊಂಡಿತು. ಗಿಟ್ ಫಾರ್ ವಿಂಡೋಸ್ ಅದನ್ನು ಇನ್‌ಸ್ಟಾಲ್ ಮಾಡುವಾಗ ಟಿಕ್ ಹಾಕಬೇಕಾದ ಪ್ರಾಯೋಗಿಕ ಆಯ್ಕೆಯಾಗಿ ಇಟ್ಟಿತು. ಒಂದೇ ಕಚೇರಿಯಲ್ಲಿ ಒಬ್ಬರಿಗೆ ಪೈಥಾನ್ ಮಾತಾಡಿ ಪಕ್ಕದವರಿಗೆ ಮಾತಾಡದಿರುವುದು ಇಂಥ ಒಂದು ಟಿಕ್‌ನಿಂದಲೂ ಆಗಬಹುದು. ನನ್ನ ಅಭಿಪ್ರಾಯ ಕೇಳಿದರೆ, ವಿಂಡೋಸ್ ಪ್ರೋಗ್ರಾಮುಗಳನ್ನೇ ಹೆಚ್ಚು ಓಡಿಸುವವಳು ನೀನು. ಗಿಟ್ ಬ್ಯಾಷನ್ನು ವಿಂಡೋಸ್ ಟರ್ಮಿನಲ್ ಒಳಗೆ ತೆರೆ. ಅಲ್ಲಿ ಪ್ರೋಗ್ರಾಮಿಗೆ ನಿಜವಾದ ಕನ್ಸೋಲೇ ಸಿಗುತ್ತದೆ, ವಿನ್‌ಪಿಟಿವೈ ಬೇಕಾಗುವುದಿಲ್ಲ.

ಬೈಟುಗಳನ್ನು ಕಣ್ಣಾರೆ ನೋಡು ಅಂದೆನಲ್ಲ, ಅದು ಕಷ್ಟದ ಕೆಲಸ ಅಲ್ಲ. ಕ್ಯಾಟ್ ಕಮ್ಯಾಂಡನ್ನು -ವಿ ಎಂಬ ಆಯ್ಕೆಯೊಂದಿಗೆ ಓಡಿಸಿ ಮೇಲ್ಬಾಣದ ಕೀ ಒತ್ತು. ^[[ಎ ಎಂದು ಕಂಡರೆ ಅದು ಸಾಮಾನ್ಯ ರೂಪ. ^[ಓಎ ಎಂದು ಕಂಡರೆ ಯಾವುದೋ ಎಡಿಟರ್ ಅರ್ಧದಲ್ಲಿ ಸತ್ತು ಟರ್ಮಿನಲ್ಲನ್ನು ಬೇರೆ ಸ್ಥಿತಿಯಲ್ಲಿ ಬಿಟ್ಟುಹೋಗಿರಬಹುದು, ರೀಸೆಟ್ ಕಮ್ಯಾಂಡು ಅದನ್ನು ಸರಿಮಾಡುತ್ತದೆ. ಏನೂ ಕಾಣಿಸದಿದ್ದರೆ ಕೀ ಬರಲೇ ಇಲ್ಲ ಎಂದು ಅರ್ಥ; ವಿಂಡೋಸೋ ಟರ್ಮಿನಲ್ ಕಿಟಕಿಯೋ ಅದನ್ನು ದಾರಿಯಲ್ಲೇ ತೆಗೆದುಕೊಂಡಿದೆ. ಆಗ ಬ್ಯಾಷ್‌ಆರ್‌ಸಿಯಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ಬಂದ ಬೈಟೇ ಬೇರೆಯಾಗಿದ್ದರೆ ಟರ್ಮಿನಲ್ ಕಿಟಕಿಯ ಸೆಟ್ಟಿಂಗ್ ನೋಡು. ಬೈಟು ಸರಿಯಾಗಿ ಬಂದೂ ಪ್ರೋಗ್ರಾಮು ತಪ್ಪಾಗಿ ನಡೆದರೆ ಮಾತ್ರ ಆ ಪ್ರೋಗ್ರಾಮಿನ ಸೆಟ್ಟಿಂಗನ್ನೋ, ಟರ್ಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನೋ ನೋಡಬೇಕು. ಕೀ ದಾರಿಯಲ್ಲೇ ಕಾಣೆಯಾಗುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಹೇಳುತ್ತೇನೆ. ವಿಂಡೋಸ್ ಟರ್ಮಿನಲ್ ಕಂಟ್ರೋಲ್-ವಿಯನ್ನು ಪೇಸ್ಟ್‌ಗೆ ಇಟ್ಟುಕೊಂಡಿದೆ. ವಿಮ್ ಎಡಿಟರ್‌ನಲ್ಲಿ ಚೌಕವಾಗಿ ಆಯ್ಕೆ ಮಾಡಲು ಬೇಕಾದದ್ದೂ ಅದೇ ಕೀ. ವಿಮ್ ಕೆಟ್ಟಿದೆ ಅಂದುಕೊಂಡು ಅದರ ಕಾನ್ಫಿಗ್ ಫೈಲು ಜಾಲಾಡುವವರು ಬಹಳ ಜನ. ವಿಮ್‌ಗೆ ಆ ಕೀ ಮುಟ್ಟಿಯೇ ಇರುವುದಿಲ್ಲ. ಟರ್ಮಿನಲ್‌ನ ಸೆಟ್ಟಿಂಗ್‌ನಲ್ಲಿ ಆ ಜೋಡಣೆ ತೆಗೆದರೆ ಮುಗಿಯಿತು.

ಬ್ಯಾಕ್‌ಸ್ಪೇಸ್‌ನ ಜಗಳ ನಿನಗಿಂತ ವಯಸ್ಸಾದದ್ದು. ಕೆಲವು ಟರ್ಮಿನಲ್‌ಗಳು ಆ ಕೀಗೆ 8 ಕಳಿಸಿದವು, ಪರದೆಯ ಮೇಲೆ ಅದು ^ಎಚ್. ಡಿಇಸಿಯ ವಿಟಿ220 ಕಳಿಸಿದ್ದು 127, ಅದು ^? ಎಂದು ಕಾಣುತ್ತದೆ. ಲಿನಕ್ಸ್ ಲೋಕ ಬಹುಮಟ್ಟಿಗೆ 127ಕ್ಕೆ ನೆಲೆನಿಂತಿದೆ. ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸೆಟ್ಟಿಂಗ್ ಇವತ್ತಿಗೂ ಇದೆ. ಅಳಿಸುವ ಅಕ್ಷರ ಯಾವುದು ಎಂಬ ನಂಬಿಕೆ ಆ ಕಡೆ ಕರ್ನಲ್‌ನಲ್ಲಿ ಇರುತ್ತದೆ. ಎಸ್‌ಟಿಟಿವೈ ಕಮ್ಯಾಂಡನ್ನು -ಎ ಆಯ್ಕೆಯೊಂದಿಗೆ ಓಡಿಸಿದರೆ ಇರೇಸ್ ಎಂಬ ಪದದ ಮುಂದೆ ಅದನ್ನು ಕಾಣಬಹುದು. ನೀನು ಕಳಿಸುತ್ತಿರುವುದು 8, ಅದು ಕಾಯುತ್ತಿರುವುದು 127. ಅದಕ್ಕೇ ಅಳಿಸುವ ಬದಲು ಅಕ್ಷರವನ್ನು ಹಾಗೇ ತೋರಿಸುತ್ತಿದೆ. ಎರಡು ಕಡೆಯಲ್ಲಿ ಯಾವುದನ್ನಾದರೂ ಬದಲಿಸಿ ಸರಿಮಾಡಬಹುದು ನಿಜ. ಆದರೆ ಸರ್ವರ್ ಕಡೆ ಬದಲಿಸಿದರೆ ಅದೇ ಖಾತೆಗೆ ಬೇರೆ ಯಂತ್ರದಿಂದ ಬರುವವರಿಗೆ ಕೆಡುತ್ತದೆ. ನಿನ್ನ ಟರ್ಮಿನಲ್ ಕಿಟಕಿಯಲ್ಲಿ ಬದಲಿಸಿದರೆ ನೀನು ಹೋಗುವ ಎಲ್ಲ ಸರ್ವರ್‌ಗಳಲ್ಲೂ ಒಟ್ಟಿಗೆ ಸರಿಹೋಗುತ್ತದೆ. ಕೀಗೆ ಹತ್ತಿರವಿರುವ ಪದರದಲ್ಲೇ ತಿದ್ದು.

ಎಂಟರ್ ಕೀಯದೂ ಇಂಥದೇ ಕತೆ. ಅದು ಕಳಿಸುವುದು 13. ಪ್ರೋಗ್ರಾಮಿಗೆ ಬೇಕಾದದ್ದು 10. ನಡುವೆ ಕರ್ನಲ್ ಅದನ್ನು ಬದಲಾಯಿಸಿಕೊಡುತ್ತದೆ. ಯಾವುದೋ ಪ್ರೋಗ್ರಾಮು ಅಡ್ಡ ಬಿದ್ದು ಆ ಬದಲಾವಣೆ ನಿಂತುಹೋದರೆ ಎಂಟರ್ ಒತ್ತಿದಾಗಲೆಲ್ಲ ^ಎಂ ಮೂಡುತ್ತ ಹೋಗುತ್ತದೆ, ಕಮ್ಯಾಂಡು ಓಡುವುದಿಲ್ಲ. ಗಾಬರಿಯಾಗಿ ಕಿಟಕಿ ಮುಚ್ಚಬೇಡ. ಕಂಟ್ರೋಲ್-ಜೆ ನೇರವಾಗಿ 10 ಕಳಿಸುತ್ತದೆ. ಕಂಟ್ರೋಲ್-ಜೆ ಒತ್ತಿ, ಎಸ್‌ಟಿಟಿವೈ ಸೇನ್ ಎಂದು ಬರೆದು, ಮತ್ತೆ ಕಂಟ್ರೋಲ್-ಜೆ ಒತ್ತು. ಟೈಪ್ ಮಾಡಿದ್ದು ಪರದೆಯ ಮೇಲೆ ಕಾಣದಿದ್ದರೂ ಕೆಲಸ ಆಗುತ್ತದೆ. ಇನ್ನು ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟು ಲಿನಕ್ಸ್‌ನಲ್ಲಿ ಓಡದಿರುವುದು ಕೀಯ ದೋಷವಲ್ಲ, ಫೈಲಿನ ಪ್ರತಿ ಸಾಲಿನ ಕೊನೆಗೂ 13 ಉಳಿದುಕೊಂಡಿರುವುದು. ಅದನ್ನು ಗಿಟ್‌ನ ಸಾಲು-ಕೊನೆಯ ಸೆಟ್ಟಿಂಗ್‌ನಲ್ಲಿ ನೋಡಿಕೋ, ಟರ್ಮಿನಲ್‌ನಲ್ಲಿ ಹುಡುಕಬೇಡ.

ಕಂಟ್ರೋಲ್ ಕೀಗಳಲ್ಲಿ ಎರಡು ಸಂಪ್ರದಾಯಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಇನ್‌ಪುಟ್ ಮುಗಿಯಿತು ಎನ್ನಲು ಯೂನಿಕ್ಸ್‌ನಲ್ಲಿ ಕಂಟ್ರೋಲ್-ಡಿ. ಡಾಸ್ ಕಾಲದಿಂದ ಬಂದ ರೂಢಿಯಲ್ಲಿ ಕಂಟ್ರೋಲ್-ಝಡ್ ಮತ್ತು ಎಂಟರ್. ಅದೇ ಕಂಟ್ರೋಲ್-ಝಡ್ ಯೂನಿಕ್ಸ್‌ನಲ್ಲಿ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಹಿನ್ನೆಲೆಗೆ ಸರಿಸುತ್ತದೆ. ಮುಗಿಯಿತು ಅಂದುಕೊಂಡ ಪ್ರೋಗ್ರಾಮು ಮುಗಿಯದೆ ಫೈಲನ್ನೋ ಪೋರ್ಟನ್ನೋ ಹಿಡಿದುಕೊಂಡು ನಿಂತಿರುತ್ತದೆ. ಜಾಬ್ಸ್ ಕಮ್ಯಾಂಡು ಕೊಟ್ಟು ನೋಡು. ಕಂಟ್ರೋಲ್-ಸಿಯಲ್ಲಿ ಇನ್ನೂ ಸೂಕ್ಷ್ಮವಿದೆ. ಯೂನಿಕ್ಸ್‌ನಲ್ಲಿ ಅದು ಮುಂದಿರುವ ಪ್ರೋಗ್ರಾಮುಗಳ ಗುಂಪಿಗೆ ಸಿಗ್ನಲ್ ಆಗಿ ಹೋಗುತ್ತದೆ. ವಿಂಡೋಸ್‌ನಲ್ಲಿ ಅದೇ ಕನ್ಸೋಲಿಗೆ ಅಂಟಿಕೊಂಡ ಪ್ರೋಗ್ರಾಮುಗಳಿಗೆ ಒಂದು ಘಟನೆಯಾಗಿ ಮುಟ್ಟುತ್ತದೆ. ನಡುವಿನ ಪದರ ಎರಡನ್ನೂ ಹೊಂದಿಸಲಾಗದೆ ಹೋದಾಗ ವಿಂಡೋಸ್ ಪ್ರೋಗ್ರಾಮು ತನ್ನ ಕೊನೆಯ ಕೆಲಸ ಮುಗಿಸಿಕೊಳ್ಳಲು ಅವಕಾಶವಿಲ್ಲದೆ ಸಾಯುತ್ತದೆ, ಇಲ್ಲವೇ ಷೆಲ್ ಮಾತ್ರ ವಾಪಸು ಬಂದು ಪ್ರೋಗ್ರಾಮು ಹಿಂದೆ ಓಡುತ್ತಲೇ ಇರುತ್ತದೆ. ಡೇಟಾಬೇಸ್‌ಗೆ ಬರೆಯುವ ಪ್ರೋಗ್ರಾಮುಗಳನ್ನು ಇಂಥ ಪದರದೊಳಗಿಂದ ಕಂಟ್ರೋಲ್-ಸಿ ಒತ್ತಿ ನಿಲ್ಲಿಸುವ ಅಭ್ಯಾಸ ಬೇಡ. ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾದರೆ ಕಂಟ್ರೋಲ್-ಎಸ್ ಕೈಗೆ ತಾಗಿರಬಹುದು, ಕಂಟ್ರೋಲ್-ಕ್ಯೂ ಒತ್ತಿ ನೋಡು.

ಎಸ್ಕೇಪ್ ಕೀ ತಡವಾಗುತ್ತದೆ ಎಂಬ ದೂರನ್ನೂ ನೀನು ಕೇಳಿರುತ್ತೀಯ. ಬಾಣದ ಕೀಯೂ ಎಸ್ಕೇಪ್‌ನಿಂದಲೇ ಶುರುವಾಗುವುದರಿಂದ, ಬರೇ ಎಸ್ಕೇಪ್ ಬಂದಾಗ ಹಿಂದೆ ಇನ್ನೇನಾದರೂ ಬರುತ್ತಿದೆಯೇ ಎಂದು ಪ್ರೋಗ್ರಾಮು ಕಾಯಲೇಬೇಕು. ಬ್ಯಾಷ್ ಸಾಲು ತಿದ್ದಲು ಬಳಸುವ ರೀಡ್‌ಲೈನ್ ಲೈಬ್ರರಿ ಮೂಲತಃ 500 ಮಿಲಿಸೆಕೆಂಡು ಕಾಯುತ್ತದೆ, ಪೂರ್ತಿ ಪರದೆಯ ಪ್ರೋಗ್ರಾಮುಗಳು ಬಳಸುವ ಎನ್‌ಕರ್ಸಸ್ ಲೈಬ್ರರಿ 1000. ಇವನ್ನು ಕಡಿಮೆ ಮಾಡಿಕೊಳ್ಳಬಹುದು. ತೀರ ಸೊನ್ನೆಗೆ ಇಳಿಸಬೇಡ; ನೆಟ್‌ವರ್ಕ್ ನಿಧಾನವಾದ ದಿನ ಬಾಣದ ಕೀಗಳು ಚೂರುಚೂರಾಗಿ ಬರುತ್ತವೆ. ಪೇಸ್ಟ್ ಮಾಡಿದಾಗ ಮುಂದೆ 200~, ಹಿಂದೆ 201~ ಎಂಬ ಚೂರುಗಳು ಅಂಟಿಕೊಂಡು ಬಂದರೆ, ಟರ್ಮಿನಲ್ ಪೇಸ್ಟನ್ನು ಗುರುತು ಹಾಕಿ ಕಳಿಸುತ್ತಿದೆ, ಈ ಕಡೆಯ ಪ್ರೋಗ್ರಾಮಿಗೆ ಆ ಗುರುತು ಅರ್ಥವಾಗುತ್ತಿಲ್ಲ ಅಂತ ತಿಳಿ. ಬ್ಯಾಷ್ 5.1ರಿಂದ ಈ ಗುರುತು ತಾನಾಗಿಯೇ ಚಾಲೂ ಇರುತ್ತದೆ.

ಇದೆಲ್ಲ ವಿಂಡೋಸ್‌ನ ತಪ್ಪು ಅಂತ ಮಾತ್ರ ಅಂದುಕೊಳ್ಳಬೇಡ. ಯೂನಿಕ್ಸ್ ಕುಟುಂಬದೊಳಗೇ ಅನುವಾದ ಬೇಕಾಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಲಿನಕ್ಸ್ ಪ್ರೋಗ್ರಾಮುಗಳನ್ನು ಓಡಿಸುವ ಪದರವೊಂದಿದೆ, ಅದನ್ನು ಲಿನಕ್ಸುಲೇಟರ್ ಅನ್ನುತ್ತಾರೆ. ಎರಡೂ ವ್ಯವಸ್ಥೆಗಳಲ್ಲಿ ಟರ್ಮಿನಲ್ ಸ್ಥಿತಿಯನ್ನು ಹೇಳುವ ರಚನೆಯ ಹೆಸರು ಒಂದೇ, ಟರ್ಮಿಯೋಸ್. ಒಳಗಿನ ಸಂಖ್ಯೆಗಳು ಬೇರೆ. ಸಾಲುಸಾಲಾಗಿ ಓದು ಎನ್ನುವ ಗುರುತಿಗೆ ಲಿನಕ್ಸ್‌ನಲ್ಲಿ 2, ಫ್ರೀಬಿಎಸ್‌ಡಿಯಲ್ಲಿ 256. ಫ್ರೀಬಿಎಸ್‌ಡಿಗೆ 2 ಅಂದರೆ ಅಳಿಸಿದ ಅಕ್ಷರವನ್ನು ಪರದೆಯಿಂದಲೂ ಅಳಿಸು ಎಂಬ ಬೇರೆಯೇ ಆಜ್ಞೆ. ವಿಶೇಷ ಅಕ್ಷರಗಳ ಪಟ್ಟಿಯಲ್ಲಿ ಲಿನಕ್ಸ್‌ನ 0ನೇ ಜಾಗ ಕಂಟ್ರೋಲ್-ಸಿಯದು, ಫ್ರೀಬಿಎಸ್‌ಡಿಯ 0ನೇ ಜಾಗ ಕಂಟ್ರೋಲ್-ಡಿಯದು. ಪದರ ಒಂದೊಂದನ್ನೂ ಎತ್ತಿ ಸರಿಯಾದ ಜಾಗಕ್ಕೆ ಇಡಬೇಕು. ಒಂದು ತಪ್ಪಿದರೆ, ನಿಲ್ಲಿಸು ಎಂದು ಒತ್ತಿದ ಕೀಯನ್ನು ಪ್ರೋಗ್ರಾಮು ಇನ್‌ಪುಟ್ ಮುಗಿಯಿತು ಎಂದು ಓದೀತು. ಈ ಕೆಲಸವನ್ನು ಯಾರೋ ಕೂತು ಸಾಲುಸಾಲಾಗಿ ಬರೆದಿದ್ದಾರೆ ಎಂಬುದು ನನಗೆ ಈಗಲೂ ಗೌರವ ಹುಟ್ಟಿಸುವ ವಿಷಯ.

ಇನ್ನು ನಿನ್ನ ಕನ್ನಡದ ಹೆಸರು. ಇದನ್ನು ಕೊನೆಗೆ ಉಳಿಸಿಕೊಂಡದ್ದು ಇದು ಎಲ್ಲ ಪದರಗಳನ್ನೂ ಒಟ್ಟಿಗೆ ಮುಟ್ಟುವುದರಿಂದ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಕ ಎಂದು ಟೈಪ್ ಮಾಡಿ ಓಡಿ ಕಮ್ಯಾಂಡಿನಲ್ಲಿ -ಸಿ ಆಯ್ಕೆಯೊಂದಿಗೆ ನೋಡಿದರೆ 340 262 225 ಎಂದು ಕಾಣಬೇಕು. ಕ್ಷಿ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಕ, ಹಲಂತ, ಷ, ಇಕಾರದ ಗುಣಿತ ಎಂಬ ನಾಲ್ಕು ಚಿಹ್ನೆ, 12 ಬೈಟು. ಕರ್ನಲ್ ಸಾಲನ್ನು ಹಿಡಿದಿಟ್ಟುಕೊಂಡಿರುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ, ಹಳೆಯ ಲೆಕ್ಕದಲ್ಲಿ ಅಳಿಯುವುದು ಒಂದು ಬೈಟು. ಉಳಿದ ಎರಡು ಬೈಟು ಅರ್ಥವಿಲ್ಲದ ಕಸವಾಗಿ ಒಳಗೇ ಉಳಿಯುತ್ತವೆ. ಇದನ್ನು ತಪ್ಪಿಸಲು ಲಿನಕ್ಸ್ 2.6.4ರಲ್ಲಿ, ಅಂದರೆ 2004ರಲ್ಲಿ, ಐಯುಟಿಎಫ್8 ಎಂಬ ಗುರುತು ಸೇರಿಸಿದರು. ಅದು ಚಾಲೂ ಇದ್ದರೆ ಒಂದು ಬ್ಯಾಕ್‌ಸ್ಪೇಸ್‌ಗೆ ಒಂದು ಪೂರ್ತಿ ಚಿಹ್ನೆ ಅಳಿಯುತ್ತದೆ. ಆದರೆ ದೂರದ ಸರ್ವರ್‌ಗೆ ಈ ಗುರುತನ್ನು ತಿಳಿಸಲು ಎಸ್ಎಸ್ಎಚ್‌ನ ನಿಯಮಗಳಲ್ಲಿ ಜಾಗವೇ ಇರಲಿಲ್ಲ. ಅದು ಬಂದದ್ದು 2017ರಲ್ಲಿ, ಆರ್‌ಎಫ್‌ಸಿ 8160ರ ಮೂಲಕ. ಪುಟ್ಟಿಯನ್ನು ಬರೆದ ಸೈಮನ್ ಟ್ಯಾಥಮ್ ಅದರ ಕರ್ತೃಗಳಲ್ಲಿ ಒಬ್ಬರು. ಆದ್ದರಿಂದ ನಿನ್ನ ಯಂತ್ರದಲ್ಲಿ ಸರಿಯಿದ್ದದ್ದು ಹಳೆಯ ಸರ್ವರ್‌ನಲ್ಲಿ ಕೆಡುವುದು ಸಹಜ. ಅಲ್ಲಿ ಎಸ್‌ಟಿಟಿವೈ -ಎ ಓಡಿಸಿ ಐಯುಟಿಎಫ್8 ಎಂಬುದರ ಎಡಕ್ಕೆ ಕಳೆಯುವ ಚಿಹ್ನೆ ಇದೆಯೇ ನೋಡು. ಇದ್ದರೆ ಆ ಗುರುತು ಆರಿದೆ ಎಂದರ್ಥ.

ಗುರುತು ಚಾಲೂ ಇದ್ದರೂ ಪರದೆ ಕಲಸಬಹುದು, ಅದು ಬೇರೆ ದೋಷ. ಹಲಂತಕ್ಕೂ ಇಕಾರಕ್ಕೂ ಪರದೆಯ ಮೇಲೆ ಸ್ವಂತ ಜಾಗವಿಲ್ಲ, ಅವು ವ್ಯಂಜನದ ಮೇಲೇ ಕೂರುತ್ತವೆ. ಕರ್ನಲ್ ಮಾತ್ರ ಪ್ರತಿ ಅಳಿಸುವಿಕೆಗೂ ಕರ್ಸರನ್ನು ಒಂದು ಮನೆ ಹಿಂದೆ ತರುತ್ತದೆ, ಹೀಗೆ ಪ್ರಾಂಪ್ಟನ್ನೂ ತಿಂದುಹಾಕುತ್ತದೆ. ಎರಡನ್ನೂ ಬೇರ್ಪಡಿಸಲು ಒಂದೇ ಹೆಸರನ್ನು ಬ್ಯಾಷ್ ಪ್ರಾಂಪ್ಟಿನಲ್ಲಿ ಒಮ್ಮೆ, ಕ್ಯಾಟ್‌ನೊಳಗೆ ಒಮ್ಮೆ ಟೈಪ್ ಮಾಡಿ ತಿದ್ದು. ಬ್ಯಾಷ್‌ನಲ್ಲಿ ತಿದ್ದುವುದು ರೀಡ್‌ಲೈನ್, ಕ್ಯಾಟ್‌ನಲ್ಲಿ ಕರ್ನಲ್. ಕ್ಯಾಟ್‌ನಲ್ಲಿ ಮಾತ್ರ ಕೆಟ್ಟರೆ ದೋಷ ಕರ್ನಲ್ ಪದರದ್ದು. ಎರಡರಲ್ಲೂ ಕೆಟ್ಟರೆ ಅಕ್ಷರ ಎಷ್ಟು ಮನೆ ಅಗಲ ಎಂಬ ಲೆಕ್ಕದಲ್ಲಿ ಟರ್ಮಿನಲ್ ಕಿಟಕಿಗೂ ಲೈಬ್ರರಿಗೂ ಹೊಂದಾಣಿಕೆ ಇಲ್ಲ. ಪರದೆ ಎಷ್ಟೇ ಕಲಸಿರಲಿ, ಫೈಲಿಗೆ ಹೋದ ಬೈಟುಗಳನ್ನು ನೋಡಿದ ಮೇಲೇ ತೀರ್ಮಾನಕ್ಕೆ ಬಾ. ಎಷ್ಟೋ ಸಲ ಒಳಗಿನ ಹೆಸರು ಸರಿಯಾಗಿಯೇ ಇರುತ್ತದೆ.

ವಿಂಡೋಸ್ ಕನ್ಸೋಲಿನಿಂದ ಕನ್ನಡ ಓದುವ ಹಳೆಯ ಪ್ರೋಗ್ರಾಮುಗಳ ವಿಷಯದಲ್ಲಿ ಇಷ್ಟು ನಿಶ್ಚಿಂತೆ ಬೇಡ. ಕೋಡ್ ಪೇಜನ್ನು 65001 ಮಾಡಿದರೆ ಯುಟಿಎಫ್-8 ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಔಟ್‌ಪುಟ್‌ಗೆ ಅದು ನಿಜ. ಇನ್‌ಪುಟ್‌ನಲ್ಲಿ, ಬೈಟು ರೂಪದಲ್ಲಿ ಓದುವ ಪ್ರೋಗ್ರಾಮುಗಳಿಗೆ ಇಂಗ್ಲಿಷ್ ಅಲ್ಲದ ಅಕ್ಷರಗಳ ಬದಲು ಸೊನ್ನೆ ಬೈಟುಗಳು ಬರುವ ದೋಷ ಬಹಳ ಕಾಲ ಇತ್ತು. ಪೈಥಾನ್ 2016ರ 3.6 ಆವೃತ್ತಿಯಿಂದ ವಿಂಡೋಸ್‌ನ ಯೂನಿಕೋಡ್ ಕರೆಗಳ ಮೂಲಕವೇ ಕನ್ಸೋಲ್ ಓದಲು ಶುರುಮಾಡಿ ಈ ಹೊಂಡವನ್ನು ದಾಟಿತು. ನಿಮ್ಮಲ್ಲಿ ಯಾರಾದರೂ ಸಿ ಭಾಷೆಯಲ್ಲಿ ಬರೆದ ಹಳೆಯ ಡೇಟಾ ಎಂಟ್ರಿ ಪ್ರೋಗ್ರಾಮನ್ನು ಇನ್ನೂ ಬಳಸುತ್ತಿದ್ದರೆ, ಕನ್ನಡದ ಹೆಸರು ಕೊಟ್ಟು ಪರೀಕ್ಷಿಸದೆ ನಂಬಬೇಡ. ರೂಪಾಯಿ ಚಿಹ್ನೆಯನ್ನೂ ಪರೀಕ್ಷಿಸು. ವಿಂಡೋಸ್‌ನ ಇಂಗ್ಲಿಷ್ (ಇಂಡಿಯಾ) ಕೀಲಿಮಣೆಯಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರಬೇಕು, ಬೈಟು 342 202 271. ವಿಂಡೋಸ್‌ಗೆ ಆ ಬಲಗಡೆಯ ಆಲ್ಟ್ ಅಂದರೆ ಕಂಟ್ರೋಲ್ ಮತ್ತು ಆಲ್ಟ್ ಎರಡೂ ಸೇರಿದ್ದು, ಹಾಗಾಗಿ ನಡುವಿನ ಪದರ ಅದನ್ನು ಶಾರ್ಟ್‌ಕಟ್ ಅಂತ ತಪ್ಪಾಗಿ ಓದುವ ಸಂಭವ ಉಂಟು. ಮತ್ತೊಂದು ಸಣ್ಣ ಮಾತು: ಕನ್ನಡ ಕೀಲಿಮಣೆ ಚಾಲೂ ಇಟ್ಟುಕೊಂಡು ವಿಮ್‌ನ ಕಮ್ಯಾಂಡ್ ಸ್ಥಿತಿಗೆ ಮರಳಿದರೆ ಎಚ್, ಜೆ, ಕೆ, ಎಲ್ ಬದಲು ಕನ್ನಡ ಅಕ್ಷರಗಳು ಹೋಗುತ್ತವೆ, ಕರ್ಸರ್ ಅಲುಗಾಡುವುದಿಲ್ಲ. ಯಾವ ಪದರವೂ ಕೆಟ್ಟಿರುವುದಿಲ್ಲ, ಕೀಲಿಮಣೆ ಬದಲಿಸಿಕೊಳ್ಳಬೇಕು ಅಷ್ಟೇ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸು, ಹೊಸ ಕಿಟಕಿ ತೆರೆದು ನೋಡು, ಉಪಯೋಗವಾಗದಿದ್ದರೆ ಹಿಂದಕ್ಕೆ ಹಾಕು. ಟರ್ಮ್ ವೇರಿಯಬಲ್ಲನ್ನು ಬ್ಯಾಷ್‌ಆರ್‌ಸಿಯಲ್ಲಿ ಬಲವಂತವಾಗಿ ಬರೆಯಬೇಡ; ನಾನು ಯಾರು ಎಂದು ಹೇಳುವ ಹಕ್ಕು ಟರ್ಮಿನಲ್ ಕಿಟಕಿಯದು. ಎಸ್‌ಟಿಟಿವೈ ಸಾಲು ಅಲ್ಲಿ ಬೇಕೇಬೇಕು ಅಂದರೆ ಇನ್‌ಪುಟ್ ಟರ್ಮಿನಲ್ ಹೌದೇ ಎಂದು ಪರೀಕ್ಷಿಸುವ ಷರತ್ತಿನೊಳಗೆ ಹಾಕು. ಇಲ್ಲವಾದರೆ ಸ್ಕ್ರಿಪ್ಟುಗಳು ಎಸ್ಎಸ್ಎಚ್ ಮೂಲಕ ಆ ಖಾತೆಗೆ ಬಂದಾಗ ಟರ್ಮಿನಲ್ ಇಲ್ಲದ ಕಡೆ ಅದು ಓಡಿ ದೋಷದ ಸಂದೇಶ ಉಗುಳುತ್ತದೆ, ರಾತ್ರಿ ಓಡುವ ಬ್ಯಾಕಪ್ ಏಕೆ ದೂರುತ್ತಿದೆ ಎಂದು ಇಡೀ ತಂಡ ತಲೆ ಕೆಡಿಸಿಕೊಳ್ಳುತ್ತದೆ.

ಕೊನೆಗೆ ನಿನ್ನಲ್ಲಿ ಒಂದು ಕೇಳಿಕೆ. ಆ ಕನ್ನಡದ ಸಾಲಿನ ದೋಷವನ್ನು ನಿನ್ನ ಮಟ್ಟಿಗೆ ಸುತ್ತಿಕೊಂಡು ಹೋಗಿ ಸುಮ್ಮನಾಗಬೇಡ. ಮಿನ್‌ಟಿಟಿವೈ, ವಿಂಡೋಸ್ ಟರ್ಮಿನಲ್, ಸಿಗ್ವಿನ್ ಎಲ್ಲವೂ ದೂರುಗಳನ್ನು ಬಹಿರಂಗವಾಗಿ ತೆಗೆದುಕೊಳ್ಳುವ ಯೋಜನೆಗಳು. ಅವುಗಳನ್ನು ಬರೆಯುವವರಿಗೆ ಕ್ಷಿ ಎಂದರೇನು, ಅದು ಹೇಗೆ ಕಾಣಬೇಕು ಎಂದು ನಾವು ಹೇಳದೆ ಗೊತ್ತಾಗುವುದು ಹೇಗೆ? ಟಿಟಿವೈ ಕೊಟ್ಟ ಉತ್ತರ, ಟರ್ಮಿನಲ್‌ನ ಹೆಸರು ಮತ್ತು ಆವೃತ್ತಿ, ಒತ್ತಿದ ಕೀಗಳು, ಬಂದ ಬೈಟುಗಳು, ಬರಬೇಕಾಗಿದ್ದ ಬೈಟುಗಳು, ಪರದೆಯ ಚಿತ್ರ, ಇಷ್ಟನ್ನು ಜೋಡಿಸಿ ಈ ವಾರವೇ ಬರೆದು ಕಳಿಸು. ಬರೆದದ್ದನ್ನು ಕಳಿಸುವ ಮೊದಲು ನನಗೊಮ್ಮೆ ತೋರಿಸಬೇಕು ಅನ್ನಿಸಿದರೆ ಭಾನುವಾರ ಮನೆಗೆ ಬಾ, ಕೂತು ನೋಡೋಣ.